ಹಸಿರು ಚುಕ್ಕೆ, ಕಂದು ಗುರುತು ಮತ್ತು ಒಂದು ಸಕ್ಕರೆ

ದೇವದುರ್ಗದ ಬಳಿಯ ಅರಕೇರಾದ ಕಿರಾಣಿ ಅಂಗಡಿಯಲ್ಲಿ ಒಂದು ಚಿಪ್ಸ್ ಪೊಟ್ಟಣ ಕೈಗೆತ್ತಿಕೊಳ್ಳಿ. ಚೌಕದೊಳಗಿನ ಹಸಿರು ಚುಕ್ಕೆ ನೋಡಿ ನೀವು ಕೊಳ್ಳಬಹುದು. ಆದರೆ ಆಲ್ಫಾ-ಗ್ಯಾಲ್ ಅಲರ್ಜಿ ಇರುವವರಿಗೆ ಅಷ್ಟು ಸಾಲದು. ಏಕೆ?

ಗ್ಯಾಲಕ್ಟೋಸ್ ಸಕ್ಕರೆಯ ಎರಡು ಅಣುಗಳು ಒಂದು ನಿರ್ದಿಷ್ಟ ಬಗೆಯಲ್ಲಿ ಬೆಸೆದುಕೊಂಡದ್ದೇ ಆಲ್ಫಾ-ಗ್ಯಾಲ್. ದನ, ಕುರಿ, ಆಡು, ಹಂದಿಗಳ ಮೈಯಲ್ಲಿ ಇದು ಇದೆ. ಕೋಳಿ, ಮೀನುಗಳಲ್ಲಿ ಇಲ್ಲ. ಮನುಷ್ಯನಲ್ಲೂ ಇಲ್ಲ. ಆದ್ದರಿಂದಲೇ ನಮ್ಮ ದೇಹ ಅದನ್ನು ಪರಕೀಯವೆಂದು ಗುರುತಿಸಬಲ್ಲದು.

ಇದು ಬೆಳಕಿಗೆ ಬಂದದ್ದು ಒಂದು ಔಷಧದಿಂದ. 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧವನ್ನು ಮೊದಲ ಸಲ ಕೊಟ್ಟಾಗಲೇ ಕೆಲವು ರೋಗಿಗಳು ಕುಸಿದರು. ಅಂಥವರು ಟೆನೆಸಿ, ಉತ್ತರ ಕ್ಯಾರೊಲೈನಾಗಳಲ್ಲೇ ಹೆಚ್ಚು! ಇಲಿಯ ಜೀವಕೋಶಗಳಲ್ಲಿ ತಯಾರಾದ ಆ ಔಷಧದಲ್ಲಿ ಆಲ್ಫಾ-ಗ್ಯಾಲ್ ಇತ್ತು; ಅದರ ವಿರುದ್ಧದ ಪ್ರತಿಕಾಯ ರೋಗಿಗಳ ರಕ್ತದಲ್ಲಿ ಮೊದಲೇ ಇತ್ತು. ಥಾಮಸ್ ಪ್ಲಾಟ್ಸ್-ಮಿಲ್ಸ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಪ್ರಕಟಿಸಿದರು. ಪ್ರತಿಕಾಯ ಬಂದದ್ದೆಲ್ಲಿಂದ? ಉಣ್ಣೆ ಕಡಿತದಿಂದ ಎಂದು 2011ರಲ್ಲಿ ತೋರಿಸಿದರು. ಆಸ್ಟ್ರೇಲಿಯದ ಶೆರಿಲ್ ವ್ಯಾನ್ ನ್ಯೂನೆನ್ ಉಣ್ಣೆಗೂ ಮಾಂಸದ ಅಲರ್ಜಿಗೂ ಇರುವ ನಂಟನ್ನು 2007ರಲ್ಲೇ ಹೇಳಿದ್ದರು. ಪ್ಲಾಟ್ಸ್-ಮಿಲ್ಸ್ ಸ್ವತಃ ಚಾರಣದಲ್ಲಿ ಉಣ್ಣೆಗಳಿಂದ ಕಚ್ಚಿಸಿಕೊಂಡರು. ಮುಂದೊಂದು ದಿನ ಕುರಿಮಾಂಸ ಉಂಡು ಮಲಗಿದವರು ನಡುರಾತ್ರಿ ಮೈತುಂಬ ದದ್ದು ಎದ್ದು ಎಚ್ಚರಗೊಂಡರು. ತಿಂದ ಹಲವು ಗಂಟೆಗಳ ಮೇಲೆ ಬರುವುದೇ ಈ ಅಲರ್ಜಿಯ ಮೋಸ.

ನಮಗೆ ಉಣ್ಣೆ ಎಂದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನೆನಪಾಗುತ್ತದೆ. ಅದು ವೈರಸ್ಸಿನ ರೋಗ, ಇದು ಬೇರೆ.

ಈಗ ಪೊಟ್ಟಣಕ್ಕೆ ಮರಳೋಣ. ಕಂದು ಗುರುತನ್ನೂ ಹಸಿರು ಗುರುತನ್ನೂ ನಮ್ಮ ಆಹಾರ ನಿಯಮಗಳಿಗೆ ಸೇರಿಸಿದ್ದು 2001ರ ಆಸುಪಾಸಿನಲ್ಲಿ. 2020ರ ನಿಯಮಾವಳಿ ಕಂದು ಚುಕ್ಕೆಯನ್ನು ತ್ರಿಕೋನ ಮಾಡಿತು. ಭೌತವಿಜ್ಞಾನ ಕಲಿಸುವ ನನಗೆ ಇದು ಮೆಚ್ಚುಗೆಯ ಸಂಗತಿ: ಹಸಿರು-ಕಂದುಗಳ ವ್ಯತ್ಯಾಸ ಕಾಣದ ವರ್ಣಾಂಧರೂ ಆಕಾರವನ್ನು ಗುರುತಿಸಬಲ್ಲರು. ಆದರೆ ಈ ಗುರುತುಗಳು ಸಸ್ಯಾಹಾರವೋ ಮಾಂಸಾಹಾರವೋ ಎಂಬ ಪ್ರಶ್ನೆಗೆ ಉತ್ತರವೇ ಹೊರತು ವೈದ್ಯರ ಪ್ರಶ್ನೆಗಲ್ಲ. ಮೊಟ್ಟೆ, ಮೀನು ಇದ್ದರೂ ಕಂದು. ಅವು ಈ ರೋಗಿಗೆ ಬಾಧಕವಲ್ಲ. ಹಾಲಿನ ಪುಡಿ, ಹಾಲೊಡಕಿನ ಪುಡಿ ಇದ್ದರೂ ಹಸಿರು. ಬಹಳ ಜನಕ್ಕೆ ಹಾಲು ಒಗ್ಗುತ್ತದೆ, ಕೆಲವರಿಗೆ ಒಗ್ಗದು. ಅಲರ್ಜಿಕಾರಕಗಳ ಕಡ್ಡಾಯ ಪಟ್ಟಿಯಲ್ಲಿ ಹಾಲು, ಶೇಂಗಾ, ಸೋಯಾ ಇವೆ; ಸ್ತನಿಗಳ ಮಾಂಸ ಇಲ್ಲ. ಜೆಲಟಿನ್ ಎಂದಷ್ಟೇ ಬರೆದಿದ್ದರೆ ಅದು ದನದ್ದೋ ಹಂದಿಯದೋ ಮೀನಿನದೋ ತಿಳಿಯುವುದಿಲ್ಲ.

ಇನ್ನೊಂದು, ರುಚಿ ಹೆಚ್ಚಿಸುವ 631. ಇದು ಡೈಸೋಡಿಯಂ ಇನೊಸಿನೇಟ್. ಮಾಂಸ ಅಥವಾ ಮೀನಿನಿಂದಲೂ ತಯಾರಾಗುತ್ತದೆ, ಬೇರೆ ವಿಧಾನದಿಂದಲೂ. ಘಟಕಾಂಶಗಳನ್ನು ಸಂಕೇತಸಂಖ್ಯೆಯಿಂದಷ್ಟೇ ಅಲ್ಲದೆ ಮೂಲ ಸಸ್ಯವೋ ಪ್ರಾಣಿಯೋ ಎಂದೂ ತಿಳಿಸಬೇಕೆಂದು ದೆಹಲಿ ಹೈಕೋರ್ಟು 2021ರ ಡಿಸೆಂಬರಿನಲ್ಲಿ ಹೇಳಿದಾಗ ಇದೇ 631ರ ಉದಾಹರಣೆ ಕೊಟ್ಟಿತ್ತು. ಯಾವ ಪ್ರಾಣಿ ಎಂಬುದು ಆಗಲೂ ಉಳಿಯುತ್ತದೆ. ಪೊಟ್ಟಣದ ಮೇಲೆ ಗ್ರಾಹಕರ ದೂರವಾಣಿ ಸಂಖ್ಯೆ ಇರುತ್ತದೆ. ಅದಕ್ಕೆ ಕರೆಮಾಡಿ ಕೇಳಿ, ಉತ್ತರ ಸಿಗುವ ತನಕ ಪೊಟ್ಟಣ ಒಡೆಯಬೇಡಿ.