ಸಿದ್ದಿ ಅಂದ್ರೆ ಎಂತದು?

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮಾತಿಗೆ ಬರವಿಲ್ಲ. ಯಲ್ಲಾಪುರದ ಕಡೆಯ ನೆಂಟರ ಮನೆಯಂಗಳದಲ್ಲಿ ಮೆಟ್ಟುಗತ್ತಿಗಳು ಸಾಲಾಗಿದ್ದವು. ಕೊನೆಯ ಕತ್ತಿಯ ಮೇಲೆ ಕೂತಿದ್ದ ಸಿದ್ದಿ ಅಜ್ಜಿಯ ಕೈ ಎಲ್ಲರಿಗಿಂತ ಚುರುಕು. ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ ಒಂದು ತಿರುವು ಕೊಟ್ಟರೆ ಸಾಕು, ಸಿಪ್ಪೆ ಕಾಲಬುಡಕ್ಕೆ, ಅಡಿಕೆ ಬುಟ್ಟಿಗೆ. ಪಕ್ಕದಲ್ಲಿ ಅವರ ಮೊಮ್ಮಗ, ಈಗಷ್ಟೇ ಕಾಲೇಜು ಸೇರಿದ ಹುಡುಗ. ಅವನಿಗೊಂದು ತಲೆಬಿಸಿ. ಒಂದು ಕಾಗದದಲ್ಲಿ ಅವನ ಅಡ್ಡಹೆಸರು ‘ಸಿದ್ದಿ’ ಎಂದಿದೆ, ಇನ್ನೊಂದರಲ್ಲಿ ‘ಸಿದ್ಧಿ’. ಎರಡೂ ಒಂದೇ ಆಗಬೇಕು, ತಿದ್ದಿಸಿಕೊಂಡು ಬಾ ಎಂದು ಯಾವುದೋ ಕಚೇರಿಯವರು ವಾಪಸು ಕಳಿಸಿದ್ದರು. ಯಾವುದು ಸರಿ ಅಂತ ನನ್ನನ್ನು ಕೇಳಿದ. ನಾನು ಅಜ್ಜಿಯನ್ನು ಕೇಳಿದೆ: ಸಿದ್ದಿ ಅಂದ್ರೆ ಎಂತದು?

“ಸಿದ್ದಿ ಅಂದ್ರೆ ನಾವು. ಮತ್ತೆಂತ ಇರ್ತದೆ ಒಡೇರೆ?” ಅಂದರು.

ಆ ಉತ್ತರ ನನ್ನನ್ನು ಬಹಳ ದಿನ ಬಿಡಲಿಲ್ಲ.

ಮಹಾಪ್ರಾಣದ ‘ಸಿದ್ಧಿ’ ನಮಗೆ ಚೆನ್ನಾಗಿ ಗೊತ್ತಿರುವ ಸಂಸ್ಕೃತದ ಮಾತು. ಮಂತ್ರಸಿದ್ಧಿ, ಕಾರ್ಯಸಿದ್ಧಿ, ಸಿದ್ಧಿವಿನಾಯಕ. ಕಿವಿಗೆ ‘ಸಿದ್ದಿ’ ಬಿದ್ದ ಕೂಡಲೇ ಓದಿದವರ ಕೈ ತಾನಾಗಿ ಒತ್ತಕ್ಷರದ ಹೊಟ್ಟೆ ಸೀಳುತ್ತದೆ. ಟಿ. ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಯರ ಬಗ್ಗೆ 1976ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕದ ಹೆಸರಿನಲ್ಲೂ ಆ ಮಹಾಪ್ರಾಣ ಇದೆ. ಹೊರಗಿನವರಲ್ಲಿ ಕೆಲವರು ಸಿದ್ದಾಪುರವೆಂದರೆ ಸಿದ್ದಿಯರ ಊರು ಎಂದುಕೊಂಡದ್ದನ್ನೂ ಕಂಡಿದ್ದೇನೆ. ಅಲ್ಲ. ಸಿದ್ದಿಯರು ಹೆಚ್ಚಿರುವುದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚುಗಳಲ್ಲಿ.

ಈ ಹೆಸರಿನ ಬೇರು ಅರಬ್ಬಿಯಲ್ಲಿದೆ ಎಂಬುದು ಬಹುಪಾಲು ವಿದ್ವಾಂಸರು ಒಪ್ಪುವ ಮಾತು. ‘ಸಯ್ಯಿದ್’ ಎಂದರೆ ಒಡೆಯ. ‘ಸಯ್ಯಿದೀ’ ಎಂದರೆ ನನ್ನ ಒಡೆಯ. ಆಡುಮಾತಿನಲ್ಲಿ ಸವೆದು ಅದು ‘ಸೀದಿ’ ಆಯಿತು. ಉತ್ತರ ಆಫ್ರಿಕಾದಲ್ಲಿ ಇವತ್ತಿಗೂ ಹಿರಿಯರನ್ನು, ಸಂತರನ್ನು ಕರೆಯುವುದು ಹೀಗೆಯೇ. ಟ್ಯುನಿಸ್ ಬಳಿಯ ಸೀದಿ ಬೂ ಸಯೀದ್ ಎಂಬ ಊರು ಹೆಸರು ಪಡೆದದ್ದು ಅಂಥ ಒಬ್ಬ ಸಂತನಿಂದ. 11ನೇ ಶತಮಾನದ ಸ್ಪೇನಿನ ವೀರ ರೋಡ್ರಿಗೋ ದಿಯಾಸನನ್ನು ಜನ ‘ಎಲ್ ಸಿದ್’ ಎಂದು ಕರೆದರಲ್ಲ, ಆ ‘ಸಿದ್’ ಕೂಡ ಇದೇ ಶಬ್ದ. ಅಹಮದಾಬಾದಿನಲ್ಲಿ ಕಲ್ಲಿನ ಜಾಲಂಧ್ರಕ್ಕೆ ಹೆಸರಾದ 1573ರ ಮಸೀದಿಯನ್ನು ಕಟ್ಟಿಸಿದ ಆಫ್ರಿಕಾ ಮೂಲದವನ ಹೆಸರು ಸೀದಿ ಸೈಯದ್. ಒಬ್ಬನ ಹೆಸರಿನಲ್ಲಿ ಎರಡು ಸಲ ಒಡೆಯ! ಸಿಂಧ್, ಕರಾಚಿಯ ಕಡೆ ಇದೇ ಮೂಲದವರು ‘ಶೀದಿ’.

ದಖ್ಖನಿನಲ್ಲಿ ಇದಕ್ಕೊಂದು ಜೋಡಿ ಇತ್ತು. ಬಹಮನಿ, ಆದಿಲಶಾಹಿ ದರಬಾರುಗಳ ಭಾಷೆ ಪಾರಸಿ. ಪಾರಸಿಯವರಿಗೆ ಊರಿನ ಹೆಸರಿಗೆ ಒಂದು ‘ಈ’ ಹಚ್ಚಿದರೆ ಅಡ್ಡಹೆಸರು ಸಿದ್ಧ. ಶಿರಾಜಿನವ ಶಿರಾಜಿ, ಗಿಲಾನಿನವ ಗಿಲಾನಿ. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಬಂದದ್ದು ಆ ಗಿಲಾನಿನಿಂದಲೇ. ಹಾಗೆಯೇ ‘ಹಬಶ್’ ದೇಶದವ, ಎಂದರೆ ಈಗಿನ ಇಥಿಯೋಪಿಯಾ ಕಡೆಯವ, ಹಬ್ಶಿ. ಬೀದರಿನಲ್ಲಿ ಈಗಲೂ ಹಬ್ಶಿಕೋಟ್ ಇದೆ. ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ಬಂದ ಹಬ್ಶಿ ಮಲಿಕ್ ಅಂಬರ್ ಅಹಮದನಗರವನ್ನು 1626ರಲ್ಲಿ ಸಾಯುವವರೆಗೂ ಆಳಿದ, ಮೊಗಲರಿಗೆ ಸಿಂಹಸ್ವಪ್ನನಾದ. ಜಂಜೀರಾ ದ್ವೀಪದ ಸೀದಿ ನವಾಬರ ಸಂಸ್ಥಾನ 1948ರವರೆಗೂ ಇತ್ತು. ಹಬ್ಶಿ ಎಂಬುದು ಎಲ್ಲಿಂದ ಬಂದೆ ಎನ್ನುತ್ತದೆ, ಸೀದಿ ಎಂಬುದು ನೀನು ಯಾರು ಎನ್ನುತ್ತದೆ. ಎಲ್ಲಿಂದ ಎಂಬುದು ನಮ್ಮ ಕಾಡಿನಲ್ಲಿ ಅಳಿಸಿಹೋಯಿತು, ಯಾರು ಎಂಬುದು ಉಳಿಯಿತು.

ನಮ್ಮ ಘಟ್ಟದ ಸಿದ್ದಿಯರು ನವಾಬರ ಸಂತತಿಯಲ್ಲ. ಬಹಳಷ್ಟು ಮಂದಿಯ ಹಿರಿಯರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದವರು ಇವರು. ಗೋವೆಯ ದಣಿಗಳು ಅವರನ್ನು ಕರೆಯುತ್ತಿದ್ದ ಹೆಸರು ‘ಕಾಫ್ರೆ’. ಅದೂ ಅರಬ್ಬಿಯದೇ, ‘ಕಾಫಿರ್’ನಿಂದ ಬಂದದ್ದು. ಕೊಂಕಣಿಯಲ್ಲಿ ಅದು ಖಾಪ್ರಿಯಾಯಿತು. ಆ ಬೈಗುಳವನ್ನು ಘಟ್ಟದ ಕೆಳಗೇ ಬಿಟ್ಟು, ಮೇಲೆ ‘ಸಿದ್ದಿ’ಯಾಗಿ ಬದುಕಿದರಲ್ಲ, ಅದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇಲ್ಲಿ ಅವರು ಮೂರು ಧರ್ಮಗಳಲ್ಲಿ ಹಂಚಿಹೋದರು. ಯಲ್ಲಾಪುರ, ಅಂಕೋಲಾ ಕಡೆ ಹಿಂದೂಗಳು ಹೆಚ್ಚು, ಹಳಿಯಾಳದ ಕಡೆ ಕ್ರೈಸ್ತರು, ಮುಸ್ಲಿಮರು. ಮೊದಲ ಹೆಸರು ಗಣಪತಿ ಇರಬಹುದು, ಹುಸೇನ್ ಇರಬಹುದು, ಫ್ರಾನ್ಸಿಸ್ ಇರಬಹುದು. ಕೊನೆಯ ಹೆಸರು ಒಂದೇ. ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಯಲ್ಲಿ ಸಿದ್ದಿ ಮಕ್ಕಳನ್ನು ಹುಡುಕಿ ತರಬೇತಿ ಕೊಟ್ಟಾಗ ಬೆಳಕಿಗೆ ಬಂದ ಓಟಗಾರ್ತಿ ಕಮಲಾ ಮಿಂಗೇಲ್ ಸಿದ್ದಿ. ಆ ಹೆಸರನ್ನೊಮ್ಮೆ ನಿಧಾನವಾಗಿ ಓದಿ. ಕಮಲಾ ಸಂಸ್ಕೃತ. ಮಿಂಗೇಲ್ ಪೋರ್ಚುಗೀಸರ ಮಿಗೇಲ್, ಕೊಂಕಣಿಯ ಬಾಯಲ್ಲಿ ಹದವಾದದ್ದು. ಸಿದ್ದಿ ಅರಬ್ಬಿ. ಒಂದು ಸಮುದಾಯ ದಾಟಿ ಬಂದ ಸಮುದ್ರಗಳೆಲ್ಲ ಮೂರು ಪದಗಳಲ್ಲಿವೆ. ಅವರ ಡಮಾಮಿ ಕುಣಿತದ ಹೆಸರಿನಲ್ಲೂ ಪಾರಸಿ ‘ದಮಾಮಾ’, ಎಂದರೆ ನಗಾರಿ, ಕೇಳಿಸುತ್ತದೆ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಬೆಳಗಾವಿ, ಧಾರವಾಡದವರು ಸೇರಲು 2020 ಆಗಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ರಾಜ್ಯದ ಶಾಸನಸಭೆಗೆ ಹೋದ ಮೊದಲಿಗರು ಅವರು. ಕೂಗಿ ಕರೆಯುವ ಹೆಸರು ಈಗ ಪ್ರಮಾಣಪತ್ರದ ಪದವೂ ಹೌದು. ಅದಕ್ಕೇ ಒಂದು ಮಹಾಪ್ರಾಣ ಹೆಚ್ಚು ಕಡಿಮೆಯಾದರೂ ಹುಡುಗ ಬಸ್ಸು ಹತ್ತಿ ಅಲೆಯಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆಗೆಯಿರಿ: ಹೆಗಡೆ, ನಾಯ್ಕ, ಗೌಡ, ಸಿದ್ದಿ. ಹೆಗಡೆ ಎಂಬುದು ಹಳಗನ್ನಡದ ಪೆರ್ಗಡೆ, ಅಧಿಕಾರಿ. ನಾಯ್ಕ ಎಂದರೆ ನಾಯಕ. ಗೌಡ ಶಾಸನಗಳ ಗಾವುಂಡ, ಊರ ಮುಖ್ಯಸ್ಥ. ಸಿದ್ದಿ ಎಂದರೆ ಒಡೆಯ. ನಾಲ್ಕೂ ಹಿರಿತನದ ಹೆಸರುಗಳೇ. ಆದರೆ ಹೆಗಡೆ ಅಂದಾಗ ತೋಟ ಕಣ್ಣಿಗೆ ಬರುತ್ತದೆ, ಸಿದ್ದಿ ಅಂದಾಗ ತೋಟದ ಆಳು ಬರುತ್ತಾನೆ. ನಾನೂ ಹೆಗಡೆಯೇ. ಆ ಅಜ್ಜಿ ನನ್ನನ್ನು ‘ಒಡೇರೆ’ ಎಂದಾಗ ನಾನು ಹೂಂಗುಟ್ಟಿದ್ದೆ. ಅವರ ಬಾಯಿಂದ ಬಂದ ಆ ಕನ್ನಡದ ಮಾತು ಅವರದೇ ಹೆಸರಿನ ಅರ್ಥ. ಅದು ಅವರಿಗೂ ಗೊತ್ತಿರಲಿಲ್ಲ, ಆಗ ನನಗೂ ಹೊಳೆದಿರಲಿಲ್ಲ.

ಮುಂದಿನ ಸುಗ್ಗಿಯಲ್ಲಿ ಮತ್ತೆ ಹೋದೆ. ಹುಡುಗನ ನೋಟುಪುಸ್ತಕದಲ್ಲಿ ಬರೆದು ತೋರಿಸಿದೆ: ದ ಕ್ಕೆ ದ ಒತ್ತು, ಹೊಟ್ಟೆ ಸೀಳುವುದು ಬೇಡ. ಅಜ್ಜಿಗೆ ಅರ್ಥ ಹೇಳಿದೆ. ಅಲಗಿನ ಮೇಲೆ ಕೈ ಒಂದು ಗಳಿಗೆ ನಿಂತಿತು.

“ಹೌದಾ? ಒಡೇರು ಅಂತನಾ?” ಅಂದರು. ಬುಟ್ಟಿಯಲ್ಲಿದ್ದ ಅಡಿಕೆಯ ಮೇಲೆ ಸುಮ್ಮನೆ ಒಮ್ಮೆ ಕೈಯಾಡಿಸಿದರು. “ಹಂಗಾರೆ ನಮ್ಮ ಅತಿಕ್ರಮಣದ ಜಾಗಕ್ಕೆ ಪಟ್ಟಾ ಯಾವಾಗ ಬರ್ತದಂತೆ? ನಿಮ್ಗೆ ಗೊತ್ತುಂಟಾ?”