ಬಲಿಪೀಠದ ಮೇಲೊಂದು ರಾಣಿಯ ಉಡುಪು

ಶತಮಾನೋತ್ಸವದ ಅಂಗವಾಗಿ ನಮ್ಮ ದೇವಾಲಯದ ಹಳೆಯ ಪೂಜಾವಸ್ತ್ರಗಳನ್ನು ಸಭಾಭವನದಲ್ಲಿ ಪ್ರದರ್ಶನಕ್ಕಿಡಬೇಕೆಂದು ಸಮಿತಿಯವರು ಅಪೇಕ್ಷಿಸಿದಾಗ, ನಾವು ಪೂಜಾಸಾಮಗ್ರಿಯ ಕೋಣೆಯಲ್ಲಿದ್ದ ಮರದ ಪೆಟ್ಟಿಗೆಯನ್ನು ತೆರೆಸಿದೆವು. ನುಸಿಗುಳಿಗೆಗಳ ನಡುವೆ ನಾಲ್ಕು ಪೂಜಾವಸ್ತ್ರಗಳೂ ಒಂದು ಪೀಠವಸ್ತ್ರವೂ ದೊರೆತವು. ಇವು ಯಾರು ಕೊಟ್ಟವು, ಯಾವ ಕಾಲದವು ಎಂದು ಹಿರಿಯರನ್ನು ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಪೀಠವಸ್ತ್ರ ಮಾತ್ರ ಫ್ರಾನ್ಸ್ ದೇಶದಿಂದ ಬಂದುದೆಂಬುದರಲ್ಲಿ ಎಲ್ಲರಿಗೂ ಒಮ್ಮತವಿತ್ತು. ಹಾಗಾದರೆ ಅದರ ಮುಂದಿಡುವ ಚೀಟಿಯಲ್ಲಿ ಹಾಗೆಯೇ ಬರೆದುಬಿಡಬಹುದೆ? ಈ ಪ್ರಶ್ನೆ ನಮ್ಮನ್ನು ಬಹಳ ದೂರದ ಒಂದು ಹಳ್ಳಿಯ ದೇವಾಲಯದತ್ತ ಕೊಂಡೊಯ್ದಿತು.

ಇಂಗ್ಲೆಂಡಿನ ಹೆರಫರ್ಡ್‌ಶೈರ್ ಪ್ರಾಂತದಲ್ಲಿ, ವೇಲ್ಸ್ ಗಡಿಗೆ ಸಮೀಪದಲ್ಲಿ, ಬ್ಯಾಕ್ಟನ್ ಎಂಬ ಸಣ್ಣ ಗ್ರಾಮವಿದೆ. ಅಲ್ಲಿನ ಸಂತ ಫೇಯ್ತ್ ದೇವಾಲಯದಲ್ಲಿ ಕಸೂತಿಯ ಹಳೆಯ ಪೀಠವಸ್ತ್ರವೊಂದಿತ್ತು. 1909ರಲ್ಲಿ ಅದಕ್ಕೆ ಗಾಜಿನ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದರು. ಅನಂತರ ನೂರು ವರ್ಷಕ್ಕೂ ಮಿಕ್ಕಿ ಅದು ಅಲ್ಲಿಯೇ ಉಳಿಯಿತು. ಆ ಊರಿನ ಮೂಲದ ಬ್ಲಾಂಚ್ ಪ್ಯಾರಿ ಎಂಬ ಮಹಿಳೆ ಒಂದನೆಯ ಎಲಿಜಬೆತ್ ರಾಣಿಯ ಶೈಶವದಿಂದಲೂ ಆಕೆಯ ಸೇವೆಯಲ್ಲಿದ್ದವರು. ರಾಣಿಯ ಬಳಿ ಮೊಣಕಾಲೂರಿರುವ ಆಕೆಯ ಸ್ಮಾರಕ ಶಿಲ್ಪ ಅದೇ ದೇವಾಲಯದಲ್ಲಿದೆ. ಆದುದರಿಂದ ಕಸೂತಿಯನ್ನೂ ಆಕೆಗೇ ಸಂಬಂಧಿಸಿ ಹೇಳುವುದು ಊರಿನ ವಾಡಿಕೆಯಾಗಿತ್ತು.

ರಾಜಮನೆತನದ ಹಳೆಯ ಅರಮನೆಗಳನ್ನು ನೋಡಿಕೊಳ್ಳುವ ಸಂಸ್ಥೆಯ ವಸ್ತ್ರತಜ್ಞೆ ಎಲೆರಿ ಲಿನ್ ಅವರು ಇದನ್ನು ಪರಿಶೀಲಿಸಿದಾಗ ಕಂಡದ್ದೇ ಬೇರೆ. ಮೊದಲನೆಯದಾಗಿ ಬಟ್ಟೆ: ಬೆಳ್ಳಿಯ ಎಳೆ ಸೇರಿಸಿ ನೇಯ್ದ ಬಿಳಿ ರೇಷ್ಮೆ. ಅಂದಿನ ಉಡುಪಿನ ಕಟ್ಟಳೆಗಳ ಪ್ರಕಾರ ಇಂಥ ಬಟ್ಟೆ ಅತ್ಯುನ್ನತ ದರ್ಜೆಯವರಿಗಲ್ಲದೆ ಸಲ್ಲುತ್ತಿರಲಿಲ್ಲ. ಎರಡನೆಯದಾಗಿ ಹೊಲಿಗೆ: ಪೀಠಕ್ಕೆಂದೇ ಸಿದ್ಧಪಡಿಸಿದ ಅಖಂಡ ವಸ್ತ್ರ ಅದಾಗಿರಲಿಲ್ಲ. ದರ್ಜಿಯೊಬ್ಬನು ಮೈಗೆ ಅಳತೆಯಾಗಿ ಕತ್ತರಿಸಿದ್ದ ತುಂಡುಗಳನ್ನು ಬಿಚ್ಚಿ, ಮತ್ತೆ ಜೋಡಿಸಿ ಮಾಡಿದುದಾಗಿತ್ತು. ಎಂದರೆ ಅದು ಮೊದಲು ಉಡುಪಾಗಿತ್ತು! ಗುಲಾಬಿ ಮೊದಲಾದ ಹೂಗಳನ್ನು ಬೇರೆ ಬಟ್ಟೆಯಲ್ಲಿ ಹೆಣೆದು ಅಂಟಿಸದೆ, ಆ ಬೆಲೆಬಾಳುವ ಬಟ್ಟೆಯ ಮೇಲೆಯೇ ನೇರವಾಗಿ ಹೆಣೆಯಲಾಗಿತ್ತು. ಒಂದು ಸೂಜಿ ತಪ್ಪಿದರೂ ಬಟ್ಟೆ ಕೆಡುವ ಕೆಲಸ. ನುರಿತ ಕಸಬುದಾರರಲ್ಲದೆ ಅದಕ್ಕೆ ಕೈಹಾಕಲಾರರು. ಹೂಗಳ ನಡುವಣ ಚಿಟ್ಟೆ, ಕಂಬಳಿಹುಳು, ಪ್ರಾಣಿ, ದೋಣಿಗಳು ಅನಂತರ ಸೇರಿದವು. ಅವುಗಳಲ್ಲಿ ಅಷ್ಟು ನುರಿತ ಕೈ ಕಾಣದು.

ಇನ್ನು ಕಾಲ. ಕಸೂತಿಯ ಶೈಲಿ ಹದಿನಾರನೆಯ ಶತಮಾನದ ಕೊನೆಯ ವರ್ಷಗಳದು. ಬ್ಲಾಂಚ್ ಪ್ಯಾರಿ ತೀರಿಕೊಂಡದ್ದು 1590ರಲ್ಲಿ. ಹೀಗಾಗಿ ಆಕೆಯೇ ಹೆಣೆದಳೆಂಬ ಮಾತು ನಿಲ್ಲುವುದಿಲ್ಲ. ಆದರೂ ಊರಿನವರ ನೆನಪು ಪೂರ್ತಿ ಸುಳ್ಳಾಗಲಿಲ್ಲವೆಂಬುದನ್ನು ಗಮನಿಸಬೇಕು. ರಾಣಿಯ ದಿಕ್ಕನ್ನು ಅದು ಸರಿಯಾಗಿಯೇ ತೋರಿಸಿತ್ತು. 1600ರ ಸುಮಾರಿನಲ್ಲಿ ರಚಿತವಾದ, ಹ್ಯಾಟ್‌ಫೀಲ್ಡ್ ಹೌಸಿನಲ್ಲಿರುವ 'ಮಳೆಬಿಲ್ಲಿನ ಚಿತ್ರ'ದಲ್ಲಿ ಎಲಿಜಬೆತ್ ರಾಣಿ ಇಂಥದೇ ಹೂಗಳ ಕುಪ್ಪಸ ತೊಟ್ಟಿದ್ದಾಳೆ. 2019ರ ಅಕ್ಟೋಬರಿನಿಂದ ಕೆಲವು ತಿಂಗಳು ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಆ ಚಿತ್ರವನ್ನೂ ಈ ವಸ್ತ್ರವನ್ನೂ ಒಟ್ಟಿಗೆ ಇಟ್ಟು ಜನರಿಗೆ ತೋರಿಸಿದರು. ನೂರಾರು ಉಡುಪುಗಳಿದ್ದ ಆ ರಾಣಿಯ ಒಂದು ನಿಲುವಂಗಿಯೂ ಉಳಿದಿಲ್ಲವೆಂದು ಎಲ್ಲರೂ ನಂಬಿದ್ದರು.

ಇಲ್ಲೊಂದು ಮಾತನ್ನು ಹೇಳದಿರಲಾರೆವು. ಸೆಮಿನರಿಯಲ್ಲಿ ತರಬೇತಾದ ಕಥೋಲಿಕ ಗುರುವು ಇಂಗ್ಲೆಂಡಿನಲ್ಲಿ ನೆಲೆಸುವುದೇ ರಾಜದ್ರೋಹವೆಂದು 1585ರಲ್ಲಿ ಶಾಸನವಾದದ್ದು ಇದೇ ರಾಣಿಯ ಆಳ್ವಿಕೆಯಲ್ಲಿ. ಆಕೆಯ ಉಡುಪಿನ ಚರಿತ್ರೆಯನ್ನು ನಾವು ಇಷ್ಟು ಅಕ್ಕರೆಯಿಂದ ಬರೆಯುತ್ತಿರುವುದನ್ನು ಕಂಡರೆ ಅಂದಿನ ರಕ್ತಸಾಕ್ಷಿಗಳು ನಕ್ಕಾರು.

ಆ ತಜ್ಞರ ಕೆಲಸದಲ್ಲಿ ನಮಗೆ ಹಿಡಿಸಿದ್ದು ಅವರ ಸಂಯಮ. ಇದು ರಾಣಿಯದೇ ಎಂದು ಹೇಳುವ ಹಳೆಯ ಕಾಗದ ಯಾವುದೂ ಸಿಕ್ಕಿಲ್ಲ. ಬಟ್ಟೆ, ಹೊಲಿಗೆ, ಕಾಲ, ಸ್ಥಳ ಎಲ್ಲವೂ ಒಂದೇ ಕಡೆ ಬೊಟ್ಟುಮಾಡುತ್ತವೆ, ಅಷ್ಟೆ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದನ್ನು ನೋಡಲು ಬಂದವರಿಗೆ ಬೇರ್ಪಡಿಸಿ ಹೇಳುವುದೇ ವಸ್ತುಸಂಗ್ರಹಾಲಯದ ಕಷ್ಟದ ಕೆಲಸ. ಜನರಿಗೆ ಕಥೆ ಬೇಕು, ಬಟ್ಟೆಗೆ ಬಾಯಿಲ್ಲ. ಬೆಳಕೂ ಅದಕ್ಕೆ ಶತ್ರುವೇ. ಅದಕ್ಕಾಗಿ ಹಳೆಯ ರೇಷ್ಮೆಯನ್ನು ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿಡುತ್ತಾರೆ. ಮುಂಬದಿ ಮಾಸಿದರೂ ಬೆಳಕು ತಾಗದ ಹಿಂಬದಿಯಲ್ಲಿ ಬಣ್ಣ ಉಳಿದಿರುವುದುಂಟು. ಆದುದರಿಂದ ತಿಳಿದವರು ಮೊದಲು ತಿರುವಿ ನೋಡುತ್ತಾರೆ.

ನಾವು ಹಾಗೆ ತಿರುವಿ ನೋಡದ ಕಾಲವೂ ಇತ್ತು. 1980ರ ದಶಕದ ಕೊನೆಯಲ್ಲಿ, ಸಹಾಯಕ ಗುರುವಾಗಿದ್ದ ಒಂದು ಧರ್ಮಕೇಂದ್ರದಲ್ಲಿ, ಜೀರ್ಣವಾದ ಪೂಜಾವಸ್ತ್ರಗಳನ್ನು ಕ್ರಮದಂತೆ ಸುಟ್ಟು ಬೂದಿಯನ್ನು ನೆಲಕ್ಕೆ ಸೇರಿಸಿದೆವು. ಕ್ರಮದಲ್ಲಿ ತಪ್ಪಿರಲಿಲ್ಲ. ಆದರೆ ಅವುಗಳಲ್ಲಿ ಒಂದರ ಬೆನ್ನಿನ ಮೇಲೆ ಯಾರೋ ಕೈಯಿಂದ ಹೆಣೆದ ಕುರಿಮರಿಯ ಚಿತ್ರವಿತ್ತು. ಅದರ ಒಂದು ಛಾಯಾಚಿತ್ರವನ್ನೂ ತೆಗೆಸಲಿಲ್ಲ. ಯಾರ ಕೈ ಎಂದು ಒಬ್ಬರನ್ನೂ ಕೇಳಲಿಲ್ಲ. ಆ ಕುರಿಮರಿ ಈಗಲೂ ನಮ್ಮ ಕಣ್ಣ ಮುಂದೆ ಬರುತ್ತದೆ.

ಈ ಸಲ ಕನ್ಯಾಸ್ತ್ರೀಯರೊಬ್ಬರ ಸಹಾಯದಿಂದ ಪೀಠವಸ್ತ್ರದ ಅಸ್ತರನ್ನು ಒಂದು ಮೂಲೆಯಲ್ಲಿ ಮೆಲ್ಲನೆ ಬಿಚ್ಚಿದೆವು. ಹೊರಗೆ ಮಾಸಿದ ಕಂದು ಬಣ್ಣ. ಒಳಗೆ ಕುಂಕುಮದಂಥ ಕೆಂಪು, ಜರಿಯ ಅಂಚು, ಒಂದು ಕೊನೆಯಲ್ಲಿ ಸೆರಗಿನ ಪಟ್ಟೆಗಳು. ಫ್ರಾನ್ಸಿನದೆಂದು ನಾವೆಲ್ಲ ನಂಬಿದ್ದ ವಸ್ತ್ರ ಸೀರೆಯಾಗಿತ್ತು. ಬೆಂಗಳೂರಿನ ಶಿವಾಜಿನಗರದಲ್ಲಿ ಮರಿಯಮ್ಮನವರಿಗೆ ಭಕ್ತರು ಇಂದಿಗೂ ಸೀರೆ ಅರ್ಪಿಸುವುದನ್ನು ಬಲ್ಲ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ನಮ್ಮ ಊರಿನ ಯಾವಳೋ ತಾಯಿ ತನ್ನ ಮದುವೆಯ ಸೀರೆಯನ್ನೇ ಕೊಟ್ಟಿರಬಹುದು. ಆದರೆ ಇದು ಊಹೆ, ಚೀಟಿಯಲ್ಲಿ ಬರೆಯಲಿಲ್ಲ. 'ರೇಷ್ಮೆ ಸೀರೆಯಿಂದ ಹೊಲಿದ ಪೀಠವಸ್ತ್ರ. ಕೊಟ್ಟವರು' ಎಂದು ಬರೆದು ಮುಂದೆ ಸ್ಥಳ ಬಿಟ್ಟಿದ್ದೇವೆ. ಪ್ರದರ್ಶನಕ್ಕೆ ಬಂದಾಗ ನಿಮ್ಮ ಮನೆಯ ಅಜ್ಜಿಯರನ್ನೂ ಕರೆತನ್ನಿ. ಆ ಸೆರಗನ್ನು ಗುರುತಿಸುವವರಿದ್ದರೆ ನಮಗೆ ತಿಳಿಸಲಿ. ಪೆನ್ಸಿಲನ್ನು ಚೀಟಿಯ ಪಕ್ಕದಲ್ಲೇ ಇರಿಸಿದ್ದೇವೆ.