ಚೌರಪ್ಪ ಯಾರ ಮಗ?

ಒಡೆಯರ ವಂಶಕ್ಕೆ ಶಾಸನ ಉಂಟು, ಕಡತ ಉಂಟು, ಹೆಳವರ ಹೊತ್ತಗೆ ಉಂಟು. ಮಂಜರಾಬಾದು ಅನ್ನಿಸಿಕೊಂಡಿದ್ದ ನಮ್ಮ ಸಕಲೇಶಪುರದಲ್ಲಿ, ಆಲೂರಿನ ಗುಡ್ಡಗಳಲ್ಲಿ, ನಮ್ಮವರ ಬೇರು ಹುಡುಕಿ ಹೊರಟರೆ ಮೊದಲು ಎದುರಾಗುವುದು ಎರಡು ಮಾತು: ಹುಟ್ಟಾಳು, ಮಣ್ಣಾಳು. ಹುಟ್ಟಾಳು ಒಡೆಯನ ಮನೆಯಲ್ಲೇ ಹುಟ್ಟಿದ ಜೀತದವನು. ಮಣ್ಣಾಳು ಗದ್ದೆ ಮಾರಿದರೆ ಗದ್ದೆಯ ಜೊತೆಗೇ ಮಾರಿಹೋಗುವವನು. ಇದು ನಮ್ಮ ಸಿಟ್ಟಿನ ಕಲ್ಪನೆಯಲ್ಲ. ಮಲೆನಾಡಿನ ಹೊಲೆಯರ ಬಗ್ಗೆ ಬಿ.ಎಲ್. ರೈಸ್ 1897ರ ಮೈಸೂರು ಗೆಜೆಟಿಯರಿನಲ್ಲಿ ಅಚ್ಚು ಹಾಕಿಸಿದ ಸಂಗತಿ. ಮಣ್ಣಿನ ಲೆಕ್ಕದಲ್ಲಿರೋನಿಗೆ ವಂಶಾವಳಿ ಯಾರು ಬರೀತಾರೆ?

ಬರೆದದ್ದು ಚರ್ಚು. ನಮ್ಮ ಮುತ್ತಾತನ ಅಣ್ಣ ಕಿಲಸ್ತಾನರ ಜೊತೆ ಸೇರಿ ಚೌರಪ್ಪನಾದ ಅಂತ ಅಜ್ಜಿ ಹೇಳ್ತಿತ್ತು. ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ 1823ರಲ್ಲಿ ತನ್ನ ದೇಶಕ್ಕೆ ಮರಳುವ ಮೊದಲೇ ಹಾಸನ ಸೀಮೆಯಲ್ಲಿ ಕ್ರೈಸ್ತರ ಒಕ್ಕಲು ಹೂಡಿದ್ದ. ಹೇಮಾವತಿ ದಡದ ಶೆಟ್ಟಿಹಳ್ಳಿಯಲ್ಲಿ ಚರ್ಚು ಎದ್ದದ್ದು 1860ರ ದಶಕದಲ್ಲಿ. 1979ರಲ್ಲಿ ಮುಗಿದ ಗೊರೂರು ಅಣೆಕಟ್ಟು ಆ ಊರನ್ನೇ ಎಬ್ಬಿಸಿತು. ಈಗ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಆ ಗೋಡೆಗಳ ಫೋಟೋ ತೆಗೆಯೋಕೆ ಬೆಂಗಳೂರಿನಿಂದ ಕಾರು ಬರ್ತವೆ. ಅಲ್ಲಿ ತಲೆಗೆ ನೀರು ಹಾಕಿಸಿಕೊಂಡವರು ಯಾರು ಅಂತ ಕೇಳೋರು ಕಡಿಮೆ.

ನಾವು ಇನ್ನೊಂದು ಚರ್ಚಿನ ಜ್ಞಾನಸ್ನಾನದ ಪುಸ್ತಕದ ಮುಂದೆ ಕೂತೆವು. ಒಂದು ದಿನ ಪೂರ್ತಿ ‘ಚೌರಪ್ಪ’ ಹುಡುಕಿ ಬರಿಗೈಲಿ ಬಂದೆವು. ಪುಸ್ತಕ ಲ್ಯಾಟಿನ್ನಿನಲ್ಲಿದೆ. ಅಲ್ಲಿನ ಕ್ಸಾವೇರಿಯುಸ್ ಜನರ ಬಾಯಲ್ಲಿ ಸವರಿ, ಚೌರಿ, ಚೌರಪ್ಪ. ಇಗ್ನಾತಿಯುಸ್ ಇನ್ನಾಸಪ್ಪ. ಪೇತ್ರುಸ್ ರಾಯಪ್ಪ, ಪೌಲುಸ್ ಚಿನ್ನಪ್ಪ. ಇವೆರಡೂ ತಮಿಳು ಕ್ರೈಸ್ತರಿಂದ ಬಂದವು. ಮನೆತನದ ಹೆಸರು ಅನ್ನೋದೇ ಇಲ್ಲ. ಅಪ್ಪನ ಹೆಸರು, ತಾಯಿ ಹೆಸರು, ಊರು. ಇಷ್ಟನ್ನೇ ಹಿಡಿದು ಹತ್ತಬೇಕು.

ಇನ್ನೊಂದು ಮಾತು. ಒಡೆಯರ ಕೇರಿಯಲ್ಲಿ ನಮ್ಮವರು ಬರೀ ಮಾರ, ಬರೀ ಕರಿಯ. ಹೆಸರಿಗೆ ‘ಅಪ್ಪ’, ‘ಅಯ್ಯ’ ಸೇರಿಸಿಕೊಂಡರೆ ಕೊಬ್ಬು. ಚರ್ಚಿಗೆ ಹೋದ ಕವಲಿನ ಹೆಸರಲ್ಲಿ ‘ಅಪ್ಪ’ ಬಂದು ಕೂತಿದ್ದಾನೆ.

ಹಾಗಂತ ಕೈ ಮುಗಿದುಬಿಡೋಣವೇ? ಅದೇ ಪುಟ ನಮ್ಮ ದಾಯಾದಿಗಳನ್ನು ಹೊರಗೆ ನಿಲ್ಲಿಸಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶಕ್ಕೆ 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ದಲಿತ ಇನ್ನೂ ಸೇರಿಲ್ಲ. ಒಂದೇ ಹೊಟ್ಟೆಯ ಮಕ್ಕಳು. ತಮ್ಮನ ಮರಿಮಕ್ಕಳಿಗೆ ಸರ್ಟಿಫಿಕೇಟು ಉಂಟು, ಅಣ್ಣನ ಮರಿಮಕ್ಕಳಿಗಿಲ್ಲ. ದೇವರು ಬದಲಾದರೆ ಕೇರಿ ಬದಲಾಯಿತೆ, ಗೆಳೆಯರೆ?

ಕೊನೆಗೆ ನಮ್ಮೂರಿನ ಹೆಸರಿದ್ದ ಕಡೆ ಒಬ್ಬ ಕ್ಸಾವೇರಿಯುಸ್ ಸಿಕ್ಕ. ಅಪ್ಪನ ಜಾಗದಲ್ಲಿ ‘ಮಾರ’. ಅಜ್ಜಿಗೆ ಓದಿ ಹೇಳಿದೆವು.

“ಅದು ನಮ್ ದೊಡ್ಡಮಾರಜ್ಜ ಕಣ್ರಪ್ಪ. ತಾಯಿ ಹೆಸ್ರು ಏನ್ ಬರ್ದವ್ರೆ?”

ತಾಯಿಯ ಹೆಸರಿರುವ ಕಡೆ ಗೆದ್ದಲು ತಿಂದಿದೆ. ಮುಂದಿನ ತಿಂಗಳು ಮದುವೆ ಪುಸ್ತಕ ನೋಡೋಕೆ ಹೋಗ್ತಿದ್ದೀವಿ.